ಅತ್ತಿಗೆ ಹಾಡಿದ ‘ಉಪ್ಪಿನ ಕೋಟೆ’

ನನ್ನ ಅತ್ತಿಗೆ, ಅಂದರೆ ಅಣ್ಣನ ಹೆಂಡತಿ, ದೊಡ್ಡ ಆಸ್ಪತ್ರೆಯೊಂದರ ಲಾಂಡ್ರಿಯಲ್ಲಿ ಕೆಲಸಕ್ಕೆ ಸೇರಿ ಇಪ್ಪತ್ತೆರಡು ವರ್ಷವಾಯಿತು. ಲಾಂಡ್ರಿ ಇರುವುದು ನೆಲಮಾಳಿಗೆಯಲ್ಲಿ. ಒಂದು ಸಾಲಿಗೆ ಬಟ್ಟೆ ಒಗೆಯುವ ಯಂತ್ರಗಳು, ಎದುರು ಸಾಲಿಗೆ ನೀರು ಹಿಂಡುವ ಯಂತ್ರಗಳು, ಕೊನೆಯಲ್ಲಿ ಹಬೆಯಿಂದ ಕಾಯುವ, ಮಂಚದಷ್ಟು ಅಗಲದ ಇಸ್ತ್ರಿ ರೋಲರು. ವಾರ್ಡುಗಳಿಂದ ಬಂದ ಗಂಟುಗಳನ್ನು ಬಿಚ್ಚಿ ರಕ್ತದ ಕಲೆಯದನ್ನು ತಣ್ಣೀರಿಗೆ, ಉಳಿದದ್ದನ್ನು ಬಿಸಿನೀರಿಗೆ ಹಾಕಬೇಕು. ರೋಲರಿಗೆ ಬೆಡ್‌ಶೀಟು ಕೊಡಲು ಇಬ್ಬರು ಬೇಕು. ಎರಡು ತುದಿ ಹಿಡಿದು ಇಬ್ಬರೂ ಒಟ್ಟಿಗೇ ಬಿಡಬೇಕು, ಒಬ್ಬರು ಅರೆಕ್ಷಣ ತಡಮಾಡಿದರೂ ಬಟ್ಟೆ ಸೊಟ್ಟಗೆ ಸುಕ್ಕಾಗುತ್ತದೆ. ಅಲ್ಲಿನ ಗದ್ದಲದಲ್ಲಿ ಎಲ್ಲರೂ ಕೈಸನ್ನೆಯಲ್ಲೇ ಮಾತು ಮುಗಿಸುತ್ತಾರೆ. ಅತ್ತಿಗೆ ಮಾತ್ರ ಬಾಯಿಬಿಟ್ಟು ಕೂಗುತ್ತಿದ್ದರು. ಅವರು ಕೂಗಿದರೆ ಹಿಂಡುವ ಯಂತ್ರದ ಆಚೆ ಇದ್ದವರೂ ತಿರುಗಿ ನೋಡುತ್ತಿದ್ದರು. ಮೇಲ್ವಿಚಾರಕ ಅವರನ್ನು ‘ಸೈರನ್’ ಅಂತಲೇ ಕರೆಯುತ್ತಿದ್ದ. ಅತ್ತಿಗೆಗೆ ಅದರಲ್ಲಿ ಬೇಸರವೇನೂ ಇರಲಿಲ್ಲ.

ಚಿಕ್ಕಂದಿನಲ್ಲಿ ಆ ಗಂಟಲು ಯಾರಿಗೂ ಬೇಡವಾಗಿತ್ತಂತೆ. ಶಾಲೆಯಲ್ಲಿ ಬೆಳಗಿನ ಹಾಡಿಗೆ ಎಲ್ಲರೂ ಸಾಲಾಗಿ ನಿಂತಾಗ ಟೀಚರು ಇವರನ್ನು ಕೊನೇ ಸಾಲಿಗೆ ಕಳಿಸಿ, “ನೀನು ಸುಮ್ನೆ ತುಟಿ ಆಡಿಸು, ದನಿ ತೆಗೀಬೇಡ” ಅಂದಿದ್ದರು. ಏಳು ವರ್ಷ ಅವರು ತುಟಿ ಆಡಿಸಿದರು. ಆಮೇಲೆ ಮನೆಯಲ್ಲಿ ಪಾತ್ರೆ ತೊಳೆಯುವಾಗಲೂ ಗುನುಗುವುದನ್ನು ಬಿಟ್ಟರು. ಮದುವೆಯಾಗಿ ಬಂದ ಮೇಲೆ ಅವರು ಹಾಡಿದ್ದನ್ನು ನಾನಾಗಲಿ, ಅಣ್ಣನಾಗಲಿ ಕೇಳಿದ್ದೇ ಇಲ್ಲ.

ಅಣ್ಣನದು ಬೀಗ ರಿಪೇರಿಯ ಅಂಗಡಿ. ಕೀಲಿಕೈ ಮಾಡುತ್ತಾನೆ, ಬೀಗ ಸಿಕ್ಕಿಕೊಂಡ ತಿಜೋರಿ ತೆಗೆಯುತ್ತಾನೆ, ಉಳಿದ ಹೊತ್ತಿನಲ್ಲಿ ಗಿಟಾರು ಹಿಡಿಯುತ್ತಾನೆ. ನಾನು ಒಂದು ಹೈಸ್ಕೂಲಿನ ಪ್ರಯೋಗಶಾಲೆಯಲ್ಲಿ ಸಹಾಯಕ, ಬೇಸ್ ಗಿಟಾರು ನನ್ನದು. ಡ್ರಮ್ಸ್ ಬಾರಿಸುವವನು ಶಾಲಾ ಬಸ್ಸಿನ ಡ್ರೈವರು. ಬಸ್ಸು ಓಡಿಸುವಾಗ ಇರುವೆಗೂ ದಾರಿ ಬಿಡುವಷ್ಟು ಸಾಧು, ಕೋಲು ಹಿಡಿದರೆ ಮಾತ್ರ ಬೇರೆಯೇ ಮನುಷ್ಯ. ಅದಕ್ಕೇ ಅವನಿಗೆ ‘ಸಿಡಿಲು’ ಅಂತ ಹೆಸರು ಬಿತ್ತು. ನಾವು ಮೂವರೂ ಮರುಳಾಗಿದ್ದು ಎಪಿಕ್ ಹೆವಿ ಮೆಟಲ್‌ಗೆ. ಆ ಸಂಗೀತದಲ್ಲಿ ಪ್ರೀತಿ ಪ್ರೇಮದ ಹಾಡಿಗೆ ಜಾಗವಿಲ್ಲ. ಕೋಟೆ, ಮುತ್ತಿಗೆ, ಸೋತ ರಾಜ, ಸೋಲದ ಸೈನಿಕ, ಒಂದೊಂದು ಹಾಡಿಗೂ ಎಂಟು ಹತ್ತು ನಿಮಿಷ. ಕೆಳಗೆ ಗಿಟಾರು ಗುಡುಗಬೇಕು, ಡ್ರಮ್ಸು ಕುದುರೆ ಓಡಿದ ಹಾಗೆ ಓಡಬೇಕು, ಇವೆಲ್ಲದರ ನೆತ್ತಿಯ ಮೇಲೆ ಒಂದು ಗಂಟಲು ನಿಲ್ಲಬೇಕು. ನಮ್ಮಲ್ಲಿ ಇಲ್ಲದೇ ಇದ್ದದ್ದು ಆ ಗಂಟಲು ಒಂದೇ. ನಾನೇ ಹಾಡುತ್ತಿದ್ದೆ. ಹಾಡುತ್ತಿದ್ದೆ ಅನ್ನುವುದು ನನ್ನ ಮಾತು, ಉಳಿದವರನ್ನು ಕೇಳಿದರೆ ಬೇರೆ ಹೇಳಿಯಾರು.

ಅಂಗಡಿಯ ಹಿಂದಿನ ಶೆಡ್ಡಿನಲ್ಲಿ ನಮ್ಮ ಅಭ್ಯಾಸ. ಸದ್ದು ಹೊರಗೆ ಹೋಗದಿರಲಿ ಅಂತ ಅತ್ತಿಗೆಯೇ ಲಾಂಡ್ರಿಯಲ್ಲಿ ಹರಿದು ಮೂಲೆಗೆ ಬಿದ್ದ ಕಂಬಳಿಗಳನ್ನು ಕೇಳಿ ತಂದು ಗೋಡೆಗೆ ಹೊಡೆಸಿದ್ದರು. ಒಂದು ಭಾನುವಾರ ಮಧ್ಯಾಹ್ನ ಊಟಕ್ಕೆ ಕರೆಯಲು ಬಂದರು. ಎರಡು ಸಲ ಕರೆದರೂ ನಮಗೆ ಕೇಳಿಸಲಿಲ್ಲ. ಮೂರನೇ ಸಲ ಬಾಗಿಲಲ್ಲಿ ನಿಂತು, ಸೊಂಟದ ಮೇಲೆ ಕೈಯಿಟ್ಟು, “ಊಟ ಆರ್ತಾ ಇದೆ, ಬರ್ತೀರೋ ಇಲ್ವೋ!” ಅಂತ ಕೂಗಿದರು.

ಮೂವರೂ ನಿಲ್ಲಿಸಿದೆವು. ಊಟ ಆರುತ್ತಿದೆ ಅಂತಲ್ಲ. ಆ ‘ಇಲ್ವೋ’ ಅನ್ನುವುದು ನಮ್ಮೆಲ್ಲರ ಸದ್ದನ್ನೂ ದಾಟಿ, ಅಣ್ಣ ಹಿಡಿದಿದ್ದ ಸ್ವರಕ್ಕೇ ಸರಿಯಾಗಿ ಹೋಗಿ ಕೂತಿತ್ತು.

“ಇನ್ನೊಂದು ಸಲ ಕೂಗು” ಅಂದ ಅಣ್ಣ.

“ನಿಮಗೇನು ತಲೆ ಕೆಟ್ಟಿದೆಯಾ?”

“ಕೂಗೇ ಮಾರಾಯ್ತಿ, ಒಂದೇ ಒಂದು ಸಲ.”

ಅವರಿಗೆ ಆಗ ನಲವತ್ತೊಂದು. ಆ ದಿನ ಊಟ ಪೂರ್ತಿ ಆರಿಹೋಯಿತು.

ಆಮೇಲೆ ಐದು ವರ್ಷ ನಾವು ಒಂದು ತಂಡವಾಗಿದ್ದೆವು. ತಂಡದ ಹೆಸರು ‘ಹೆಬ್ಬಾಗಿಲು’. ಬೀಗದ ಅಂಗಡಿಯವನು ಇನ್ನೇನು ಹೆಸರಿಟ್ಟಾನು. ಅಣ್ಣ ಒಂದು ಕಥೆ ಹೊಸೆದು ಎಂಟು ಹಾಡು ಮಾಡಿದ. ಸಮುದ್ರದ ನಡುವೆ ಉಪ್ಪಿನಿಂದ ಕಟ್ಟಿದ ಕೋಟೆ. ರಾಜ ಹಿಂಬಾಗಿಲಿನಿಂದ ಓಡಿಹೋಗಿದ್ದಾನೆ, ಸುತ್ತ ಶತ್ರುಗಳ ಹಡಗು, ಮಳೆಗಾಲ ಹತ್ತಿರ ಬಂದಿದೆ. ಮಳೆ ಬಿದ್ದರೆ ಕೋಟೆಯೇ ಕರಗುತ್ತದೆ. ಬಾಗಿಲು ಕಾಯಲು ಉಳಿದವಳು ಒಬ್ಬಳೇ ಹೆಂಗಸು. ಕೊನೆಯ ಹಾಡಿನಲ್ಲಿ ಅವಳೇ ಬಾಗಿಲು ತೆರೆದು ಇಡೀ ಸೈನ್ಯದ ಎದುರು ನಿಂತು ಕೂಗುತ್ತಾಳೆ. ಅಲ್ಲಿ ಗಿಟಾರು, ಡ್ರಮ್ಸು ಎಲ್ಲ ನಿಲ್ಲುತ್ತದೆ. ಮಾತಿಲ್ಲ, ಬರೀ ದನಿ. ಅತ್ತಿಗೆ ಅದನ್ನು ಒಂದೇ ಉಸಿರಿನಲ್ಲಿ ಏರಿಸುತ್ತಿದ್ದರು, ಮುಗಿಯಿತು ಅಂದುಕೊಂಡಲ್ಲಿಂದ ಮತ್ತೊಂದು ಮೆಟ್ಟಿಲು ಹತ್ತಿಸುತ್ತಿದ್ದರು. ಎಷ್ಟು ಸಲ ಕೇಳಿದರೂ ನನಗೆ ಮೈ ಜುಮ್ಮೆನ್ನುತ್ತಿತ್ತು. ಸಿಡಿಲು ಮಾತ್ರ, “ಅಕ್ಕಾ, ನನ್ನ ಬಸ್ಸಿನ ಹಾರ್ನು ಕೆಟ್ಟಿದೆ, ನಾಳೆ ಸ್ವಲ್ಪ ಬರ್ತೀರಾ?” ಅಂತ ತಮಾಷೆ ಮಾಡುತ್ತಿದ್ದ.

ಅಣ್ಣ ಅತ್ತಿಗೆಯ ಮಗಳಿಗೆ ಆ ಐದನೇ ವರ್ಷ ಹದಿನಾಲ್ಕು. ಗೆಳತಿಯರ ಎದುರು ಅಮ್ಮನ ಹಾಡಿನ ಸುದ್ದಿ ಬಂದರೆ ನಾಚಿಕೆಯಿಂದ ಮುಖ ಮುಚ್ಚಿಕೊಳ್ಳುತ್ತಿದ್ದಳು. “ಬೇರೆಯವರ ಅಮ್ಮಂದಿರು ಮೆತ್ತಗೆ ಹಾಡ್ತಾರೆ. ನೀನು ಯುದ್ಧಕ್ಕೆ ಹೊರಟವಳ ಹಾಗೆ ಕಿರುಚ್ತೀಯ.”

“ಯುದ್ಧಕ್ಕೇ ಕಣೇ ಹೊರಟಿರೋದು” ಅನ್ನುತ್ತಿದ್ದರು ಅತ್ತಿಗೆ.

ಕೊನೆಗೂ ಮೊದಲ ಆಲ್ಬಮ್ ಮಾಡೋಣ ಅಂತ ನಿರ್ಧಾರವಾಯಿತು. ಸಣ್ಣ ಸ್ಟುಡಿಯೋ ಒಂದು ಭಾನುವಾರಗಳಿಗೆ ಸಿಕ್ಕಿತು. ಡ್ರಮ್ಸು, ಗಿಟಾರುಗಳ ರೆಕಾರ್ಡಿಂಗ್ ಮುಗಿಯುವಷ್ಟರಲ್ಲಿ ಎರಡು ತಿಂಗಳು ಹೋಯಿತು. ಅತ್ತಿಗೆಯ ಸರದಿ ಬಂದಾಗ ಅಣ್ಣ, “ನಿಧಾನ ಮಾಡೋಣ, ತಿಂಗಳಿಗೆ ಎರಡು ಹಾಡು ಸಾಕು” ಅಂದ. ಅತ್ತಿಗೆ ಒಪ್ಪಲಿಲ್ಲ.

“ಎಂಟೂ ಹಾಡು ಈ ತಿಂಗಳೇ ಮುಗಿಸೋಣ.”

“ಏನೇ ಅವಸರ? ರೈಲು ತಪ್ಪಿಹೋಗತ್ತಾ?”

“ಹೌದು, ತಪ್ಪಿಹೋಗತ್ತೆ. ಮುಗಿಸೋಣ ಅಂದೆ ತಾನೆ?”

ನಾವೆಲ್ಲ ನಕ್ಕೆವು. ನಲವತ್ತಾರಕ್ಕೆ ಸ್ಟಾರ್ ಆಗುವ ಆತುರ ಅಂತ ನಾನೇ ಚುಡಾಯಿಸಿದೆ. ಆ ಮಾತು ಈಗ ನೆನಪಾದರೆ ನನ್ನ ಬಾಯಿಗೆ ನಾನೇ ಬಡಿದುಕೊಳ್ಳಬೇಕು ಅನಿಸುತ್ತದೆ.

ನಾಲ್ಕು ಭಾನುವಾರದಲ್ಲಿ ಎಂಟೂ ಹಾಡು ಮುಗಿದವು. ಕೊನೆಯ ಹಾಡಿನ ಆ ಕೂಗನ್ನು ಅವರು ಎರಡು ಸಲ ಹಾಡಿದರು. ಮೊದಲನೆಯದೇ ಚೆನ್ನಾಗಿದೆ ಅಂದರು ಸ್ಟುಡಿಯೋದವರು. “ಇರಲಿ, ಇನ್ನೊಂದು ಸಲ ಹಾಡ್ತೀನಿ” ಅಂದರು ಅತ್ತಿಗೆ. ಮುಗಿಸಿ ಹೆಡ್‌ಫೋನು ತೆಗೆದು, ಅದರ ವೈರನ್ನು ಬೆಡ್‌ಶೀಟು ಮಡಿಸುವಷ್ಟೇ ಅಚ್ಚುಕಟ್ಟಾಗಿ ಸುತ್ತಿ ಮೇಜಿನ ಮೇಲಿಟ್ಟರು. ಹೊರಗಿನ ಕಟ್ಟೆಯ ಮೇಲೆ ನಾವು ಟೀ ಕುಡಿಯುತ್ತಾ ಕೂತಾಗ ಬ್ಯಾಗಿನಿಂದ ಮಡಿಸಿದ ಕಾಗದ ತೆಗೆದು ಅಣ್ಣನ ಕೈಗೆ ಕೊಟ್ಟರು.

ಅವರ ಕತ್ತಿನಲ್ಲಿ, ಥೈರಾಯ್ಡ್ ಗ್ರಂಥಿಯಲ್ಲಿ, ಒಂದು ಗಡ್ಡೆ. ಸೂಜಿ ಹಾಕಿ ಪರೀಕ್ಷೆ ಮಾಡಿದ್ದರು, ಕ್ಯಾನ್ಸರ್ ಅಂತ ಬಂದಿತ್ತು. ಶಸ್ತ್ರಚಿಕಿತ್ಸೆಗೆ ಒಂದು ತಿಂಗಳಿಗಿಂತ ಹೆಚ್ಚು ತಡ ಮಾಡಬೇಡಿ ಅಂದಿದ್ದರಂತೆ ಡಾಕ್ಟರು. ಆ ಗ್ರಂಥಿಯ ಬೆನ್ನಿಗೇ ದಾರದಷ್ಟು ಸಣ್ಣ ನರಗಳಿವೆ, ದನಿ ಆಡುವುದು ಅವುಗಳಿಂದ, ಗಡ್ಡೆ ಅವಕ್ಕೆ ಅಂಟಿಕೊಂಡಿದ್ದರೆ ಉಳಿಸುವುದು ಕಷ್ಟ ಅಂತಲೂ ಬಿಚ್ಚಿ ಹೇಳಿದ್ದರಂತೆ.

ಅಣ್ಣ ಕಾಗದವನ್ನು ಎರಡು ಸಲ ಓದಿದ. “ತಿಂಗಳಿಂದ ಗೊತ್ತಿತ್ತಾ ನಿನಗೆ?”

“ಇಪ್ಪತ್ತಾರು ದಿನ.”

“ನನ್ನ ಹತ್ರ ಹೇಳಲಿಲ್ಲ.”

“ಹೇಳಿದ್ದರೆ ನೀವು ಹಾಡೋಕೆ ಬಿಡ್ತಿದ್ರಾ?”

ಅಣ್ಣ ಎದ್ದು ಹೋಗಿ ಗೋಡೆಗೆ ಮುಖ ಮಾಡಿ ನಿಂತ. ಸಿಡಿಲು ಟೀ ಲೋಟವನ್ನು ಎಲ್ಲಿಡಬೇಕೋ ತಿಳಿಯದೆ ಕೈಯಲ್ಲೇ ತಿರುಗಿಸುತ್ತಿದ್ದ. ಅತ್ತಿಗೆ ನನ್ನ ಕಡೆ ತಿರುಗಿ, “ಮುಖ ಯಾಕೆ ಹಾಗೆ ಮಾಡಿಕೊಂಡಿದೀಯ? ನಾನಿನ್ನೂ ಇಲ್ಲೇ ಇದೀನಿ” ಅಂದರು.

ಮೂರು ದಿನಕ್ಕೆ ಶಸ್ತ್ರಚಿಕಿತ್ಸೆಯಾಯಿತು. ಗಡ್ಡೆ ಪೂರ್ತಿ ಹೋಯಿತು. ಅದರ ಜೊತೆಗೆ ನರವೂ ಹೋಯಿತು. ಡಾಕ್ಟರು ಹೊರಗೆ ಬಂದು, ನರದ ಸುತ್ತ ಗಡ್ಡೆ ಬಿಗಿಯಾಗಿ ಹೆಣೆದುಕೊಂಡಿತ್ತು, ನರ ಉಳಿಸಲು ಹೋಗಿದ್ದರೆ ಗಡ್ಡೆ ಉಳಿಯುತ್ತಿತ್ತು ಅಂತ ಅಣ್ಣನ ಭುಜ ಹಿಡಿದು ಹೇಳಿದರು. ಅವರ ಮೇಲೆ ತಪ್ಪು ಹೊರಿಸಲು ನಮಗೆ ಏನೂ ಇರಲಿಲ್ಲ. ಯಾರನ್ನಾದರೂ ಬಯ್ಯುವಂತಿದ್ದರೆ ಅಣ್ಣನಿಗೆ ಅಷ್ಟಾದರೂ ಹಗುರಾಗುತ್ತಿತ್ತೋ ಏನೋ.

ಮೊದಲ ನಾಲ್ಕು ತಿಂಗಳು ಬರೀ ಪಿಸುಮಾತು. ಆಮೇಲೆ ಒಂದು ದನಿ ಬಂತು. ತಗ್ಗಿನ, ಒರಟು ದನಿ, ಎರಡು ವಾಕ್ಯಕ್ಕೆ ಉಸಿರು ಸಾಲುತ್ತಿರಲಿಲ್ಲ. ಲಾಂಡ್ರಿಗೆ ವಾಪಸು ಹೋದರು. ಮೇಲ್ವಿಚಾರಕ ಮರ್ಯಾದೆಯಿಂದಲೇ ಅವರನ್ನು ಯಂತ್ರದ ಹತ್ತಿರದಿಂದ ತೆಗೆದು, ಹರಿದ ಬಟ್ಟೆ ಹೊಲಿಯುವ ಮೇಜಿಗೆ ಹಾಕಿದ. ಅಲ್ಲಿ ಯಾರನ್ನೂ ಕರೆಯಬೇಕಾಗಿಲ್ಲ. ಸೈರನ್ ಅನ್ನುವುದನ್ನು ಆ ದಿನವೇ ಬಿಟ್ಟ. “ಅದೊಂದು ಬಿಡಬಾರದಿತ್ತು ಕಣೋ” ಅಂದಿದ್ದರು ಅತ್ತಿಗೆ ನನ್ನ ಹತ್ತಿರ.

ಮಗಳು ಒಂದು ದಿನ ನಮ್ಮ ಮನೆಗೆ ಬಂದು ಮುಖ ಸಣ್ಣದು ಮಾಡಿಕೊಂಡು ಕೂತಳು. ಏನಮ್ಮಾ ಅಂತ ಕೇಳಿದೆ. “ಚಿಕ್ಕಪ್ಪ, ಇವತ್ತು ಅಮ್ಮ ನನಗೆ ಬೈದಳು. ಬೈದಿದ್ದು ಅಂತ ನನಗೆ ಗೊತ್ತಾಗಲೇ ಇಲ್ಲ. ಏನೋ ಕೇಳ್ತಿದಾಳೆ ಅಂದುಕೊಂಡು ‘ಆಮೇಲೆ ಮಾಡ್ತೀನಿ’ ಅಂದೆ. ಅಮ್ಮ ಸುಮ್ಮನಾಗಿಬಿಟ್ಟಳು” ಅಂದಳು. ಅಷ್ಟು ಹೇಳಿ ಅಳತೊಡಗಿದಳು.

ಆಲ್ಬಮ್ ಹಾಗೇ ಬಿದ್ದಿತ್ತು. ಅಣ್ಣ ಆ ಮಾತೆತ್ತಲು ಬಿಡುತ್ತಿರಲಿಲ್ಲ. “ಅವಳು ನಿಂತು ಹಾಡದೆ ಯಾವ ಬಿಡುಗಡೆ? ಅಳಿಸಿ ಹಾಕ್ತೀನಿ ಎಲ್ಲ” ಅನ್ನುತ್ತಿದ್ದ. ಸುಮಾರು ಒಂದು ವರ್ಷ ಹೀಗೇ ಕಳೆದ ಮೇಲೆ ಅತ್ತಿಗೆಯೇ ನಮ್ಮ ಮೂವರನ್ನೂ ಶೆಡ್ಡಿಗೆ ಕರೆಸಿದರು. ಕಂಬಳಿಗಳ ಮೇಲೆ ಧೂಳು ಕೂತಿತ್ತು.

“ನಾನು ಆ ತಿಂಗಳು ಯಾಕೆ ಅವಸರ ಮಾಡಿದ್ದು ಅಂದುಕೊಂಡ್ರಿ?” ಅಂದರು. ಉಸಿರು ತೆಗೆದುಕೊಂಡರು. “ನೀವು ಬೀರುವಿನಲ್ಲಿ ಇಟ್ಟುಕೊಂಡು ಅಳಲಿ ಅಂತಲಾ? ಬಿಡುಗಡೆ ಮಾಡಿ.”

ಸಿಡಿಲು ಹೆದರಿ ಹೆದರಿ ಒಂದು ಉಪಾಯ ಮುಂದಿಟ್ಟ. “ಅಕ್ಕಾ, ವೇದಿಕೆ ಮೇಲೆ ನೀವೇ ನಿಂತುಕೊಳ್ಳಿ. ರೆಕಾರ್ಡು ಹಾಕೋಣ, ನೀವು ಬರೀ ತುಟಿ ಆಡಿಸಿದರಾಯ್ತು. ಯಾರಿಗೂ ಗೊತ್ತಾಗಲ್ಲ.”

ಪಾಪ, ಅವನಿಗೆ ಶಾಲೆಯ ಕಥೆ ಗೊತ್ತಿರಲಿಲ್ಲ. ನಾನೂ ಅಣ್ಣನೂ ಅತ್ತಿಗೆಯ ಮುಖ ನೋಡಿದೆವು. ಅತ್ತಿಗೆ ಸಿಟ್ಟಾಗಲಿಲ್ಲ. “ಬೇಡ. ಅದನ್ನ ಏಳು ವರ್ಷ ಮಾಡಿದೀನಿ, ಸಾಕು. ಹಾಡೋಕೆ ಬರೋರನ್ನ ಹುಡುಕಿ” ಅಂದರು.

ಹುಡುಕಿದ್ದೂ ಅವರೇ. ಐದು ಜನ ಬಂದು ಹಾಡಿ ತೋರಿಸಿದರು. ಅತ್ತಿಗೆ ಆರಿಸಿದ್ದು ಈಜು ಕಲಿಸುವ ಟೀಚರೊಬ್ಬಳನ್ನು. ಮೂವತ್ತರ ಆಸುಪಾಸು, ಅಗಲ ಭುಜ, ಮಾತು ಕಡಿಮೆ. “ಇವಳ ಉಸಿರು ಉದ್ದ ಇದೆ” ಅಂದರು. ವಾರಕ್ಕೆ ಎರಡು ಸಂಜೆ ಅವಳನ್ನು ಕೂರಿಸಿಕೊಂಡು ಎಂಟೂ ಹಾಡು ಕಲಿಸಿದರು. ಸಾಹಿತ್ಯದ ಹಾಳೆಯಲ್ಲಿ ಎಲ್ಲೆಲ್ಲಿ ಉಸಿರು ತೆಗೆದುಕೊಳ್ಳಬೇಕೋ ಅಲ್ಲೆಲ್ಲ ಹೊಲಿಗೆ ಹಾಕಿದ ಹಾಗೆ ಸಣ್ಣ ಸಣ್ಣ ಗೆರೆ ಎಳೆದುಕೊಟ್ಟಿದ್ದರು.

ಒಂದು ಸಂಜೆ ಕೊನೆಯ ಹಾಡಿನ ಆ ಕೂಗು. ಈಜು ಟೀಚರ್ ಮೂರು ಸಲ ಪ್ರಯತ್ನಿಸಿದಳು, ಮೂರು ಸಲವೂ ಅರ್ಧಕ್ಕೇ ನಿಂತಳು. ಅತ್ತಿಗೆ ಎದ್ದು ಬಂದು ಅವಳ ಪಕ್ಕೆಲುಬಿನ ಕೆಳಗೆ ಅಂಗೈ ಇಟ್ಟರು. “ಇಲ್ಲಿಂದ ಬರಬೇಕು. ಗಂಟಲಿಂದ ಕೂಗಿದರೆ ಎರಡೇ ದಿನಕ್ಕೆ ಹರಿದುಹೋಗತ್ತೆ. ನೋಡು, ಹೀಗೆ…”

ಅಂದವರೇ ತಲೆ ಎತ್ತಿ, ಎದೆ ತುಂಬ ಉಸಿರು ಎಳೆದುಕೊಂಡು ಬಾಯಿ ತೆರೆದರು. ಐದು ವರ್ಷದ ಅಭ್ಯಾಸ, ಮೈ ಅದನ್ನು ಮರೆತಿರಲಿಲ್ಲ. ಬಾಯಿಂದ ಬರೀ ಗಾಳಿ ಬಂತು. ಗಾಳಿಯ ಜೊತೆಗೆ ಎಲ್ಲೋ ಒಂದು ಕೀರಲು.

ಅವರೇ ಮೊದಲು ಬಾಯಿ ಮುಚ್ಚಿದ್ದು. ಸಿಡಿಲು ಬಗ್ಗಿ, ಬಿಗಿಯಾಗಿಯೇ ಇದ್ದ ಡ್ರಮ್ಮಿನ ಒಂದು ತಿರುಪನ್ನು ಮತ್ತೆ ಬಿಗಿಮಾಡತೊಡಗಿದ. ಅಣ್ಣ ಗಿಟಾರು ಕೆಳಗಿಟ್ಟು ಹೊರಗೆ ಹೋದ. ಈಜು ಟೀಚರಿನ ಕಣ್ಣು ತುಂಬಿತ್ತು. “ಗೊತ್ತಾಯ್ತಕ್ಕ, ಎಲ್ಲಿಂದ ಅಂತ ಗೊತ್ತಾಯ್ತು” ಅಂದಳು. ನಾಲ್ಕನೇ ಸಲ ಅವಳಿಗೆ ಅದು ಬಂತು.

‘ಉಪ್ಪಿನ ಕೋಟೆ’ ಬಿಡುಗಡೆಯಾಯಿತು. ಆಲ್ಬಮ್ಮಿನಲ್ಲಿ ಇರುವುದೆಲ್ಲ ಅತ್ತಿಗೆಯದೇ ದನಿ, ವೇದಿಕೆಯ ಮೇಲೆ ಮಾತ್ರ ಹೊಸಬಳು. ಸಂಜೆ ಆರಕ್ಕೆ, ನೂರೈವತ್ತು ಜನ ಹಿಡಿಸುವ ಸಣ್ಣ ಸಭಾಂಗಣ, ಮುಕ್ಕಾಲು ಪಾಲು ತುಂಬಿತ್ತು. ಲಾಂಡ್ರಿಯ ಹೆಂಗಸರು ಹನ್ನೊಂದು ಜನ ಒಂದೇ ಸಾಲಿನಲ್ಲಿ ಕೂತಿದ್ದರು. ಕಪ್ಪು ಅಂಗಿಯ, ಉದ್ದ ಕೂದಲಿನ ಮೆಟಲ್ ಅಭಿಮಾನಿಗಳ ನಡುವೆ ಅವರನ್ನು ನೋಡಿ ನಗು ಬರಬೇಕಿತ್ತು, ಬರಲಿಲ್ಲ. ಅತ್ತಿಗೆ ಹಿಂದಿನ ಗೋಡೆಗೆ ಒರಗಿ ನಿಂತಿದ್ದರು. ಇಸ್ತ್ರಿ ಮಾಡಿದ ನೀಲಿ ಅಂಗಿ, ಕತ್ತಿಗೆ ತೆಳು ಸ್ಕಾರ್ಫು. ಮಗಳು ಪಕ್ಕದಲ್ಲಿ ಕೈ ಹಿಡಿದುಕೊಂಡಿದ್ದಳು.

ಏಳು ಹಾಡು ಮುಗಿಯುವವರೆಗೂ ಅವರು ಅಲ್ಲೇ ಇದ್ದರು. ಎಂಟನೆಯದರ ನಡುವೆ ತಲೆ ಎತ್ತಿ ನೋಡಿದೆ, ಗೋಡೆಯ ಹತ್ತಿರ ಮಗಳು ಒಬ್ಬಳೇ ನಿಂತಿದ್ದಳು. ಆಮೇಲೆ ವಾದ್ಯಗಳೆಲ್ಲ ನಿಂತವು. ಈಜು ಟೀಚರ್ ಆ ಕೂಗನ್ನು ಒಂದೇ ಉಸಿರಿನಲ್ಲಿ ತುದಿಯವರೆಗೆ ಒಯ್ದಳು. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಅಣ್ಣ ತಲೆ ತಗ್ಗಿಸಿಕೊಂಡೇ ನುಡಿಸಿ ಮುಗಿಸಿದ.

ಮಾರನೇ ದಿನ ನಾನು ಅವರ ಮನೆಗೆ ಹೋದೆ. ಅತ್ತಿಗೆ ಕಿಟಕಿಯ ಹತ್ತಿರ ಕೂತು ಮಗಳ ಸಮವಸ್ತ್ರಕ್ಕೆ ಗುಂಡಿ ಹೊಲಿಯುತ್ತಿದ್ದರು. ಕೇಳಬಾರದು ಅಂತ ನಿಶ್ಚಯ ಮಾಡಿಕೊಂಡೇ ಹೋಗಿದ್ದೆ, ಆದರೂ ಕೇಳಿಬಿಟ್ಟೆ.

“ನಿನ್ನೆ ಎಲ್ಲಿಗೆ ಹೋದಿರಿ ಅತ್ತಿಗೆ?”

“ಬಾಗಿಲ ಹೊರಗೆ ನಿಂತಿದ್ದೆ.” ದಾರವನ್ನು ಹಲ್ಲಿನಿಂದ ಕಡಿದರು. “ಚೆನ್ನಾಗಿ ಹಾಡಿದಳು ಅಲ್ವಾ?”

“ಹೌದು.”

“ನಾನೇ ಕಲಿಸಿದ್ದು. ಒಂದೂ ಬಚ್ಚಿಡದೆ ಕಲಿಸಿದೆ.” ಉಸಿರು ಎಳೆದುಕೊಂಡು ಸೂಜಿಗೆ ಮತ್ತೆ ದಾರ ಪೋಣಿಸಿದರು. “ಆದರೆ ಅಲ್ಲಿ ನಿಂತುಕೊಂಡು ನಾನು ಏನು ಬೇಡಿಕೊಂಡೆ ಗೊತ್ತಾ? ಅವಳ ದನಿ ಒಡೀಲಿ ಅಂತ. ಅರ್ಧಕ್ಕೇ ನಿಲ್ಲಲಿ, ಎಲ್ಲರಿಗೂ ಗೊತ್ತಾಗಲಿ ಅಂತ. ಅಷ್ಟು ಒಳ್ಳೇ ಹೆಂಗಸು, ನನ್ನನ್ನ ಅಕ್ಕ ಅಂತ ಕರೀತಾಳೆ. ಎಂಥವಳು ಕಣೋ ನಾನು?”

“ನಾನಾಗಿದ್ದರೂ ಅದನ್ನೇ ಬೇಡಿಕೊಳ್ತಿದ್ದೆ” ಅಂದೆ. ಅದು ನಿಜವೇ ಆಗಿತ್ತು. ಅವರು ನನ್ನ ಮುಖವನ್ನೇ ನೋಡಿ, ಮುಂದಿನ ಗುಂಡಿ ಕೈಗೆತ್ತಿಕೊಂಡರು.

ಆಲ್ಬಮ್ ಮನೆಮಾತಾಯಿತು ಅಂತ ಹೇಳಿದರೆ ಸುಳ್ಳಾಗುತ್ತದೆ. ಈ ಬಗೆಯ ಸಂಗೀತ ಕೇಳುವವರೇ ಕಡಿಮೆ. ಆದರೂ ಕೇಳಿದವರು ಬಿಡಲಿಲ್ಲ. ಎಲ್ಲೆಲ್ಲಿಂದಲೋ ಬರೆದರು. ‘ಈಕೆ ಇಷ್ಟು ದಿನ ಎಲ್ಲಿದ್ದರು?’ ಅಂತ ಒಬ್ಬ, ‘ಕೊನೆಯ ಹಾಡು ಕೇಳುವಾಗ ಗಾಡಿ ಪಕ್ಕಕ್ಕೆ ನಿಲ್ಲಿಸಿದೆ’ ಅಂತ ಇನ್ನೊಬ್ಬ. ಮೊದಮೊದಲು ಅಣ್ಣ ಇವನ್ನೆಲ್ಲ ಹೆಂಡತಿಗೆ ಓದಿ ಹೇಳುತ್ತಿದ್ದ. ಒಬ್ಬರು ‘ಇವರ ಮುಂದಿನ ಆಲ್ಬಮ್ ಯಾವಾಗ?’ ಅಂತ ಬರೆದ ದಿನದಿಂದ ಓದುವುದನ್ನು ನಿಲ್ಲಿಸಿದ. ಗಿಟಾರನ್ನೂ ಕ್ರಮೇಣ ಮುಟ್ಟದಾದ. ನಾನು, ಸಿಡಿಲು, ಈಜು ಟೀಚರ್ ಈಗಲೂ ಅಲ್ಲಿ ಇಲ್ಲಿ ನುಡಿಸುತ್ತೇವೆ, ಬೇರೊಬ್ಬ ಗಿಟಾರಿನವನು ಸೇರಿಕೊಂಡಿದ್ದಾನೆ. ಕೊನೆಯ ಹಾಡನ್ನು ಮಾತ್ರ ನುಡಿಸುವುದಿಲ್ಲ. ಈಜು ಟೀಚರೇ ಬೇಡ ಅಂದಳು.

ಇಷ್ಟಾದರೂ ಅತ್ತಿಗೆ ಒಂದು ಸಲವೂ ಆ ಆಲ್ಬಮ್ ಕೇಳಿರಲಿಲ್ಲ. ಮನೆಯಲ್ಲಿ ಯಾರಾದರೂ ಹಾಕಿದರೆ ಬೇರೆ ಕೋಣೆಗೆ ಹೋಗುತ್ತಿದ್ದರು. ಕಾಯಿಲೆ ಮತ್ತೆ ತಲೆ ಹಾಕಿಲ್ಲ, ಪ್ರತಿ ಆರು ತಿಂಗಳಿಗೆ ತಪಾಸಣೆಗೆ ಹೋಗಿ ಬರುತ್ತಾರೆ. ಬಿಡುಗಡೆಯಾಗಿ ಎರಡು ವರ್ಷವಾಗಿತ್ತು. ಒಂದು ರಜೆಯ ಮಧ್ಯಾಹ್ನ, ಊಟವಾದ ಮೇಲೆ, ನಾನೂ ಅಲ್ಲೇ ಇದ್ದೆ. ಇದ್ದಕ್ಕಿದ್ದ ಹಾಗೆ ಅಣ್ಣನಿಗೆ, “ಅದನ್ನ ಹಾಕ್ರಿ ಕೇಳೋಣ” ಅಂದರು.

“ಯಾವುದನ್ನ?” ಅಂದ ಅಣ್ಣ. ಗೊತ್ತಿದ್ದೂ ಕೇಳಿದ.

ಮೂವರೂ ನೆಲದ ಮೇಲೆ ಕೂತು ಎಪ್ಪತ್ತೆರಡು ನಿಮಿಷ ಕೇಳಿದೆವು. ಅತ್ತಿಗೆ ಗೋಡೆಗೆ ಒರಗಿ ಕಾಲು ಚಾಚಿಕೊಂಡಿದ್ದರು. ಮೂರನೇ ಹಾಡಿನಲ್ಲಿ, “ಇಲ್ಲಿ ಉಸಿರು ತಗೊಂಡಿದ್ದು ಕೇಳಿಸತ್ತೆ, ತಪ್ಪು” ಅಂದರು. ಐದನೆಯದರಲ್ಲಿ ನನ್ನ ಬೇಸ್ ಗಿಟಾರು ತಡವಾಗಿ ಬಂದದ್ದನ್ನೂ ಬಿಡದೆ ಹಿಡಿದರು. ಎಂಟನೇ ಹಾಡು ಬಂದಾಗ ಚಾಚಿದ್ದ ಕಾಲು ಮಡಿಸಿಕೊಂಡರು. ವಾದ್ಯಗಳು ನಿಂತು ಆ ಕೂಗು ಎದ್ದಾಗ ಕಿಟಕಿಯ ಗಾಜು ಸಣ್ಣಗೆ ಅದುರಿತು. ಮೇಲೆ ಹೋಯಿತು, ಇನ್ನೂ ಮೇಲೆ ಹೋಯಿತು. ಅತ್ತಿಗೆ ಮುಖ ಎತ್ತಿ, ಯಾರೋ ಪರಿಚಯದವರು ದೂರದಲ್ಲಿ ಹೋಗುತ್ತಿದ್ದಾರೇನೋ ಅನ್ನುವ ಹಾಗೆ ಕೇಳುತ್ತಿದ್ದರು.

ಮುಗಿಯಿತು. ಹೊರಗೆ ಯಾರದೋ ಸೈಕಲ್ಲಿನ ಬೆಲ್ಲು.

“ಇಷ್ಟು ಜೋರಾಗಿದ್ದೆನಾ ನಾನು?” ಅಂದರು ಅತ್ತಿಗೆ, ಆ ತಗ್ಗಿನ ದನಿಯಲ್ಲಿ.

“ಇದಕ್ಕಿಂತ ಜೋರಾಗಿದ್ದೆ” ಅಂದ ಅಣ್ಣ. “ಮೈಕಿಗೆ ಪೂರ್ತಿ ಹಿಡಿಯೋಕೆ ಆಗಲಿಲ್ಲ.”

ಅಷ್ಟು ಹೇಳಿ ಅವನು ಅತ್ತ. ಆಸ್ಪತ್ರೆಯಲ್ಲೂ ಅಳದವನು, ಮಗುವಿನ ಹಾಗೆ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತ. ಅತ್ತಿಗೆ ಅವನ ಬೆನ್ನ ಮೇಲೆ ಕೈಯಿಟ್ಟುಕೊಂಡು ಕೂತರು. ನಾನು ಚಪ್ಪಲಿ ಮೆಟ್ಟಿಕೊಂಡು, ಬಾಗಿಲು ಮುಂದಕ್ಕೆಳೆದು ಹೊರಗೆ ಬಂದೆ.